ಪಕ್ಕದ ಮನೆಯವರು ಕರಡಿ ಕೊಬ್ಬು ಕೊಟ್ಟಿದ್ದಾರೆ, ಕರಗಿಸೋದು ಹೇಗೆ?

ಪೆನ್ಸಿಲ್ವೇನಿಯಾದಲ್ಲಿದ್ದೀರಿ, ಪಕ್ಕದ ಮನೆಯ ಬೇಟೆಗಾರರು ಕಪ್ಪು ಕರಡಿಯ ಕೊಬ್ಬು ಕೊಟ್ಟಿದ್ದಾರೆ, ಅದು ಅಡುಗೆಗೆ ಬರುತ್ತಾ, ನಾರುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಬರುತ್ತದೆ. ನಾನೂ ಇದೇ ಕಡೆಯವನು, ನಮ್ಮ ಮನೆಯಲ್ಲಿ ಚಳಿಗಾಲ ಬಂತೆಂದರೆ ಈ ಕೆಲಸ ಇದ್ದದ್ದೇ.

ಕರಡಿ ಏನು ತಿಂದಿತ್ತೋ ಕೊಬ್ಬಿನಲ್ಲಿ ಅದೇ ರುಚಿ. ಓಕ್ ಕಾಯಿ, ಬೆರ್ರಿ ಹಣ್ಣು ತಿಂದು ಚಳಿಗಾಲದ ನಿದ್ದೆಗೆ ಮೈ ತುಂಬಿಕೊಂಡ ಕರಡಿಯದಾದರೆ ಕೊಬ್ಬು ಬೆಳ್ಳಗಿರುತ್ತದೆ, ವಾಸನೆ ತೀರಾ ಕಡಿಮೆ. ಕೊಳೆತ ಮೀನು, ಕಸದ ತೊಟ್ಟಿ ಕೆದಕಿ ಬದುಕಿದ ಕರಡಿಯದು ನಾರುತ್ತದೆ. ಮೊದಲು ಒಂದು ಚಿಕ್ಕ ತುಂಡು ಬಾಣಲೆಗೆ ಹಾಕಿ ಕರಗಿಸಿ, ಮೂಸಿ ನೋಡಿ. ಅಲ್ಲೇ ಗೊತ್ತಾಗುತ್ತದೆ.

ಒಳ್ಳೆ ಕೊಬ್ಬೂ ಕೆಡುವುದು ಅವಸರದಿಂದ. ಮಾಂಸದ ಚೂರು, ರಕ್ತದ ಕಲೆ, ಒಂದೇ ಒಂದು ಕೂದಲು ಇದ್ದರೂ ಬಿಡಬೇಡಿ, ಕತ್ತರಿಸಿ ತೆಗೆಯಿರಿ. ಇದು ಹಂದಿ ಕೊಬ್ಬಿಗಿಂತ ಮೆತ್ತಗೆ, ಕೈಯ ಬಿಸಿಗೇ ಜಾರುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಫ್ರೀಜರಲ್ಲಿಟ್ಟು, ಅರ್ಧ ಗಟ್ಟಿಯಾದ ಮೇಲೆ ಅರ್ಧ ಇಂಚಿನ ತುಂಡು ಮಾಡಿ.

ದಪ್ಪ ತಳದ ಪಾತ್ರೆಗೆ ತಳ ಮುಚ್ಚುವಷ್ಟು ನೀರು, ಅದರ ಮೇಲೆ ಕೊಬ್ಬು. ಉರಿ ತೀರಾ ಸಣ್ಣಗಿರಲಿ, ಮುಚ್ಚಳ ಬೇಡ, ಆಗಾಗ ಕೈಯಾಡಿಸಿ. ಕೆಲವು ಗಂಟೆ ಹಿಡಿಯುತ್ತದೆ. ಬೆಣ್ಣೆ ಕಾಯಿಸುವಾಗಿನ ಹಾಗೆ ಇಲ್ಲೂ ಕಿವಿ ಕೊಡಬೇಕು: ಮೊದಲು ಚಟಪಟ ಸದ್ದು, ನೀರೆಲ್ಲ ಆರಿದ ಮೇಲೆ ಸದ್ದು ಇಳಿಯುತ್ತದೆ. ಎಣ್ಣೆ ತಿಳಿಯಾಗಿ, ತುಂಡುಗಳು ತೆಳು ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಿ. ಇನ್ನೂ ಬಿಟ್ಟರೆ ಸೀದ ವಾಸನೆ ಕೂರುತ್ತದೆ, ಅದು ಹೋಗುವುದಿಲ್ಲ. ಪಾತ್ರೆ ಬಿಟ್ಟು ಆಚೆ ಹೋಗಬೇಡಿ. ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಸುರಿಯಲೇಬೇಡಿ. ಒಲೆ ಆರಿಸಿ, ಮುಚ್ಚಳ ಮುಚ್ಚಿ.

ತೆಳು ಬಟ್ಟೆಯಲ್ಲಿ ಸೋಸಿ, ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ತುಂಬಿ. ಹೊರಗಿಟ್ಟರೆ ಅರ್ಧ ಎಣ್ಣೆ ಅರ್ಧ ಗಟ್ಟಿಯಾಗಿರುತ್ತದೆ, ಫ್ರಿಜ್‌ನಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬೇಗ ಕಮಟು ಹಿಡಿಯುವ ಜಾತಿಯ ಕೊಬ್ಬು ಇದು. ಈಗ ಬಳಸುವಷ್ಟನ್ನು ಫ್ರಿಜ್‌ನಲ್ಲಿಡಿ, ಜಾಸ್ತಿ ಇದ್ದರೆ ಫ್ರೀಜರಿಗೆ.

ಪೈ ಹಿಟ್ಟಿಗೆ ಇದನ್ನು ಮೀರಿಸಿದ್ದು ಇಲ್ಲ ಅಂತ ನನ್ನ ಅಭಿಪ್ರಾಯ. ಪದರ ಪದರವಾಗಿ ಬಿಡುತ್ತದೆ. ಆಲೂಗಡ್ಡೆ ಹುರಿಯಲು, ಕಬ್ಬಿಣದ ಕಾವಲಿ ಪಳಗಿಸಲು, ಚರ್ಮದ ಬೂಟಿಗೆ ಹಚ್ಚಲೂ ಆಗುತ್ತದೆ. 18ನೇ ಶತಮಾನದಲ್ಲಿ ನ್ಯೂ ಆರ್ಲಿಯನ್ಸ್‌ನ ಫ್ರೆಂಚರು ಮೂಲನಿವಾಸಿಗಳಿಂದ ಕರಡಿ ಎಣ್ಣೆ ಕೊಂಡು ಅಡುಗೆಗೆ ಬಳಸುತ್ತಿದ್ದರು.

ಜೊತೆಗೆ ಮಾಂಸವನ್ನೂ ಕೊಟ್ಟಿದ್ದರೆ ಹುಷಾರು. ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲಾ ಹುಳು ಇರಬಹುದು, ಅದರ ಕೆಲವು ಜಾತಿ ಫ್ರೀಜರಲ್ಲೂ ಸಾಯುವುದಿಲ್ಲ. ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಬೇಯಿಸಿ. ಚಾಕು, ಮಣೆಯನ್ನು ಬಿಸಿನೀರು ಸೋಪಿನಲ್ಲಿ ತೊಳೆಯಿರಿ.

ಊರಿಗೆ ಹೋಗುವಾಗ ಒಂದು ಬಾಟಲಿ ಒಯ್ಯುವ ಯೋಚನೆ ಮಾತ್ರ ಬೇಡ. ಭಾರತದಲ್ಲಿ, ನಮ್ಮ ಕರ್ನಾಟಕದ ದರೋಜಿ ಕರಡಿಧಾಮದಲ್ಲಿರುವಂಥ ಕರಡಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಲ್ಲಿ ಯಾರಾದರೂ ಕೂದಲಿಗೆ, ಕೀಲುನೋವಿಗೆ ಅಂತ ಕರಡಿ ಎಣ್ಣೆ ಮಾರಿದರೆ ದಯವಿಟ್ಟು ಕೊಳ್ಳಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.