ನೋಟಿನ ಮೇಲಿನ ಭರವಸೆ ಹೋಯಿತು, ಬಿಟ್‌ಕಾಯಿನ್ ಕೊಳ್ಳಲೇ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಮಾವು ಬೆಳೆಗಾರ. ತೋಪಿನ ಹಣ ವರ್ಷಕ್ಕೊಮ್ಮೆ ಒಟ್ಟಿಗೆ ಕೈಸೇರುತ್ತದೆ. 2016ರಲ್ಲಿ ನೋಟು ಬದಲಿಸಲು ದಿನಗಟ್ಟಲೆ ಸಾಲಿನಲ್ಲಿ ನಿಂತ ಮೇಲೆ ಸರ್ಕಾರದ ದುಡ್ಡಿನಲ್ಲಿ ಮೊದಲಿನ ಭರವಸೆ ಉಳಿದಿಲ್ಲ. ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯವನ್ನು ಯಾವ ಸರ್ಕಾರವೂ ರದ್ದು ಮಾಡಲಾರದು ಎಂದು ಮಗ ಹೇಳುತ್ತಾನೆ. ಈ ಫಸಲಿನ ಹಣವನ್ನು ಅದರಲ್ಲಿ ತೊಡಗಿಸಲೇ?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದೇ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ, ಮೌಲ್ಯದ ಲೆಕ್ಕದಲ್ಲಿ ಚಲಾವಣೆಯಲ್ಲಿದ್ದ ನಗದಿನ ಸುಮಾರು ಶೇ 86ರಷ್ಟು ಒಂದೇ ಏಟಿಗೆ ಬಳಕೆಗೆ ಬಾರದಂತಾಯಿತು. ಆದರೆ ಗಡುವಿನೊಳಗೆ ಕಟ್ಟಿದವರ ಹಣ ಖಾತೆಯಲ್ಲಿ ಉಳಿಯಿತು. ಸರ್ಕಾರ ಕಿತ್ತುಕೊಂಡದ್ದು ನಿಮ್ಮ ಸಮಯವನ್ನು ಮತ್ತು ನೆಮ್ಮದಿಯನ್ನು. ರೂಪಾಯಿಯ ನಿಜವಾದ ಸೋರಿಕೆ ಹಣದುಬ್ಬರದಲ್ಲಿದೆ. ರಿಸರ್ವ್ ಬ್ಯಾಂಕಿಗೆ ಗೊತ್ತುಪಡಿಸಿರುವ ಗುರಿಯೇ ವರ್ಷಕ್ಕೆ ಶೇ 4. ಆ ಗುರಿ ಕೈಗೂಡಿದರೂ ಪೆಟ್ಟಿಗೆಯಲ್ಲಿಟ್ಟ ರೂಪಾಯಿ ಸುಮಾರು 18 ವರ್ಷಗಳಲ್ಲಿ ಅರ್ಧ ಬೆಲೆಗೆ ಇಳಿಯುತ್ತದೆ.

ಬಿಟ್‌ಕಾಯಿನ್ ಹುಟ್ಟಿದ್ದೂ ಇಂಥದೇ ಅಪನಂಬಿಕೆಯಲ್ಲಿ. 2009ರ ಜನವರಿ 3ರಂದು ರಚಿಸಿದ ಅದರ ಮೊದಲ ಬ್ಲಾಕಿನೊಳಗೇ (ಬ್ಲಾಕ್ ಎಂದರೆ ವಹಿವಾಟಿನ ದಾಖಲೆಗಳ ಒಂದು ಕಂತೆ), ಸಂಕಟದಲ್ಲಿದ್ದ ಬ್ಯಾಂಕುಗಳಿಗೆ ಬ್ರಿಟನ್ ಸರ್ಕಾರ ಮತ್ತೆ ನೆರವಾಗಲಿದೆ ಎಂಬ ಪತ್ರಿಕಾ ಶೀರ್ಷಿಕೆಯನ್ನು ಸೇರಿಸಲಾಗಿದೆ. ಒಟ್ಟು 2.1 ಕೋಟಿ ನಾಣ್ಯಗಳಿಗಿಂತ ಹೆಚ್ಚು ಅದರಲ್ಲಿ ಸೃಷ್ಟಿಯಾಗದು ಎನ್ನುವುದೂ ನಿಜ. ಆದರೆ ಕಡಿಮೆ ಇದ್ದ ಮಾತ್ರಕ್ಕೆ ಬೆಲೆ ನಿಲ್ಲದು; ಫಸಲು ಕಡಿಮೆಯಾದ ವರ್ಷವೂ ಕೊಳ್ಳುವವರಿಲ್ಲದೆ ಮಂಡಿಯಲ್ಲಿ ಬೆಲೆ ಬೀಳುವುದನ್ನು ನೀವು ಬಲ್ಲಿರಿ. 2021ರ ನವೆಂಬರಿನಲ್ಲಿ ಸುಮಾರು 69 ಸಾವಿರ ಡಾಲರ್ ಇದ್ದ ಒಂದು ಬಿಟ್‌ಕಾಯಿನ್ ಮರುವರ್ಷದ ನವೆಂಬರಿನಲ್ಲಿ 16 ಸಾವಿರಕ್ಕಿಂತ ಕೆಳಗಿಳಿದಿತ್ತು. 2024ರ ಡಿಸೆಂಬರಿನಲ್ಲಿ ಅದು ಒಂದು ಲಕ್ಷ ಡಾಲರ್ ದಾಟಿತೆಂದು ಮಗ ವಾದಿಸಬಹುದು, ವಾದ ಸರಿಯೇ. ಆದರೆ ಹೂ ಬಿಡುವ ಕಾಲಕ್ಕೆ ಔಷಧಿ ಸಿಂಪಡಿಸಲು ಬೇಕಾದ ಹಣ ಎರಡು ವರ್ಷ ಕಾಯಲಾರದು.

ಇನ್ನು ಬಿಟ್‌ಕಾಯಿನ್ ಇದ್ದರೆ ಸರ್ಕಾರ, ಬ್ಯಾಂಕು ಯಾರನ್ನೂ ನಂಬಬೇಕಿಲ್ಲ ಎಂದು ಅದರ ಪರ ಇರುವವರು ಹೇಳುವ ಮಾತು. ಬಿಟ್‌ಕಾಯಿನ್ನಿನ ಗುಪ್ತ ಕೀಲಿಯನ್ನು, ಅಂದರೆ ನಾಣ್ಯ ಖರ್ಚು ಮಾಡಲು ಬೇಕಾದ ರಹಸ್ಯ ಸಂಕೇತವನ್ನು, ಸ್ವತಃ ಕಾಪಾಡಿಕೊಳ್ಳುವ ಜಾಣ್ಮೆಯೂ ಎಚ್ಚರವೂ ಇದ್ದವರಿಗೆ ಅದು ಒಪ್ಪಬಹುದಾದ ಮಾತು, ಆದರೆ ನಮ್ಮಲ್ಲಿ ಹೆಚ್ಚಿನವರು ನಾಣ್ಯವನ್ನು ಅದನ್ನು ಕೊಳ್ಳುವ, ಮಾರುವ ವಿನಿಮಯ ಕೇಂದ್ರದ ಆ್ಯಪ್‌ನಲ್ಲೇ ಬಿಡುತ್ತಾರೆ. 2024ರ ಜುಲೈನಲ್ಲಿ ಭಾರತದ ಅಂಥ ಒಂದು ಕೇಂದ್ರದಿಂದಲೇ ಸುಮಾರು 23 ಕೋಟಿ ಡಾಲರ್ ಮೌಲ್ಯದ ಆಸ್ತಿ ಕಳವಾಯಿತು. ಬ್ಯಾಂಕ್ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಇಲ್ಲಿ ಆ ರಕ್ಷಣೆ ಇಲ್ಲ.

ತೆರಿಗೆಯ ವಿಷಯವನ್ನು ಬಹುಮಂದಿ ಕೇಳುವುದೇ ಇಲ್ಲ. ಮಾವಿನ ಆದಾಯ ಕೃಷಿ ಆದಾಯವಾದ್ದರಿಂದ ಅದಕ್ಕೆ ಆದಾಯ ತೆರಿಗೆಯಿಲ್ಲ. ಅದೇ ಹಣದಿಂದ ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯ ಕೊಂಡು ಮಾರಿ ಲಾಭ ಬಂದರೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಶೇ 30 ತೆರಿಗೆ, ಜೊತೆಗೆ ಸೆಸ್. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತೆಯೂ ಇಲ್ಲ.

ಆದ್ದರಿಂದ ಮುಂದಿನ ಫಸಲಿನ ಖರ್ಚು ಮತ್ತು ಮನೆಯ ಒಂದು ವರ್ಷದ ಖರ್ಚನ್ನು ಬ್ಯಾಂಕಿನಲ್ಲೇ ಇಡಿ. ಉಳಿದುದರಲ್ಲಿ, ಪೂರ್ತಿ ಮುಳುಗಿದರೂ ತೋಪಿನ ಕೆಲಸ ನಿಲ್ಲದಷ್ಟು ಸಣ್ಣ ಮೊತ್ತವನ್ನು ಮಗನ ಆಸಕ್ತಿಗೆ ಬಿಡಬಹುದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಿಂಗಳಿಗೆ ಇಷ್ಟು ಲಾಭ ಖಚಿತ ಎನ್ನುವವರಿಗೆ ಮಾತ್ರ ಅದರಲ್ಲೊಂದು ರೂಪಾಯಿಯನ್ನೂ ಕೊಡಬೇಡಿ.