ಕಬೋರ್ಡಿನಲ್ಲಿ ‘ಬೋರ್ಡ್’ ಎಲ್ಲಿದೆ?

ಬಟ್ಟೆ ಮಡಚಿಡುವ ಬೀರುವಿಗೆ ‘ಕಪ್‌ಬೋರ್ಡ್’ ಎನ್ನುವುದೇಕೆ, ಅದರಲ್ಲಿ ಕಪ್ಪೂ ಇಲ್ಲ, ಬೋರ್ಡೂ ಇಲ್ಲವಲ್ಲ ಎಂದು ಕೇಳಿದ್ದೀರಿ. ಮೊದಲು ಎರಡೂ ಇದ್ದವು. ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಎಂದರೆ ಹಲಗೆ, ಮೇಜು. 14ನೇ ಶತಮಾನದ ಕಪ್‌ಬೋರ್ಡ್ ಬಟ್ಟಲುಗಳನ್ನು ಜೋಡಿಸಿಡುವ ಬರೀ ಮೇಜು. ಬಾಗಿಲಿರುವ ಕಪಾಟಿಗೆ ಆ ಹೆಸರು ಅಂಟಿದ್ದು 16ನೇ ಶತಮಾನದ ಹೊತ್ತಿಗೆ. ಮೇಜಿನ ಮೇಲೆ ಬಡಿಸುವ ಊಟವೂ ಬೋರ್ಡ್ ಎನಿಸಿಕೊಂಡಿತು. ಮೆಜೆಸ್ಟಿಕ್ ಸುತ್ತಮುತ್ತ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಫಲಕ ನೋಡಿರುತ್ತೀರಿ: ಬೋರ್ಡಿಂಗ್ ಊಟ, ಲಾಡ್ಜಿಂಗ್ ವಸತಿ. (ನಾನು ಬಹಳ ಕಾಲ ಎರಡೂ ಒಂದೇ ಎಂದುಕೊಂಡಿದ್ದೆ.) ಕಂಪನಿಯ ಆಡಳಿತ ಮಂಡಳಿ ‘ಬೋರ್ಡ್’ ಆದದ್ದೂ ಮೇಜಿನ ಸುತ್ತ ಕುಳಿತದ್ದರಿಂದಲೇ.

ಇನ್ನು ಉಚ್ಚಾರ. ‘ಪ’ಕಾರ ಪಕ್ಕದ ‘ಬ’ಕಾರದಲ್ಲಿ ಕರಗಿಹೋಯಿತು. ಬಡಗಿ ತನ್ನ ಅಂದಾಜುಪಟ್ಟಿಯಲ್ಲಿ ‘ಕಬೋರ್ಡ್’ ಎಂದು ಬರೆದುಕೊಟ್ಟರೆ ತಿದ್ದಲು ಹೋಗಬೇಡಿ. ಆ ‘ಪ’ಕಾರವನ್ನು ಇಂಗ್ಲಿಷರೂ ಉಚ್ಚರಿಸುವುದಿಲ್ಲ.