ಬೋರ್ಡೋ ಕಲಸುವ ಜಾಗದಲ್ಲಿ ಕಾಡುಹೂ ಬರ್ತಿಲ್ಲ, ಸೂರ್ಯಕಾಂತಿ ಹಾಕಿದರೆ ತಾಮ್ರ ಹೋಗುತ್ತಾ?

ಬೋರ್ಡೋ ಕಲಸೋ ಡ್ರಮ್ ಇಡೋ ಜಾಗದಲ್ಲಿ ತುಂಬೆ ಇಲ್ಲ, ಮುಟ್ಟಿದರೆ ಮುನಿ ಇಲ್ಲ, ಗರಿಕೆ ಮಾತ್ರ ಇದೆ ಅಂದಿರಲ್ಲ, ಥೇಟ್ ನಮ್ಮ ತೋಟವೇ. ನಮ್ಮದು ಸಕಲೇಶಪುರದ ಹತ್ತಿರ. ಬೋರ್ಡೋ ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ನೀರಲ್ಲಿ ಕಲಸಿ ಗಿಡದ ರೋಗಕ್ಕೆ ಹೊಡೆಯೋ ದ್ರಾವಣ. ಅಪ್ಪನ ಕಾಲದಿಂದಲೂ ಅದನ್ನ ಕಲಸೋದು ನೀರಿನ ತೊಟ್ಟಿ ಪಕ್ಕ ಒಂದೇ ಕಡೆ. ಉಳಿದ ದ್ರಾವಣ ಚೆಲ್ಲೋದು ಅಲ್ಲೇ, ಡ್ರಮ್ ತೊಳೆದ ನೀರೂ ಅಲ್ಲಿಗೇ.

ಒಂದು ವರ್ಷ ಅಲ್ಲಿ ನಾಲ್ಕಾರು ತುಂಬೆ ಹುಟ್ಟಿದವು. ಗೇಣುದ್ದ ಆಗೋದರೊಳಗೆ ಹೂ ಬಿಟ್ಟು ಒಣಗಿದವು. ಚಿಗುರೆಲೆಯಲ್ಲಿ ನರ ಹಸಿರು, ಮಧ್ಯೆ ಎಲ್ಲ ಹಳದಿ. ಕಿತ್ತು ನೋಡಿದರೆ ಬೇರು ಮೋಟು, ಕಂದು ಬಣ್ಣ, ಕೂದಲಿನಂಥ ಸಣ್ಣ ಬೇರೇ ಇಲ್ಲ. ತಾಮ್ರ ಜಾಸ್ತಿಯಾದರೆ ಮೊದಲು ಕೆಡೋದು ಬೇರು. ಅದು ಕಬ್ಬಿಣವನ್ನೂ ಸರಿಯಾಗಿ ಎಳೆದುಕೊಳ್ಳಲ್ಲ, ಎಲೆ ಹಳದಿಯಾಗುತ್ತೆ. ಇದೆಲ್ಲ ಆಗ ಗೊತ್ತಿರಲಿಲ್ಲ. ಏನೋ ಅನುಮಾನ ಬಂದು ಮಣ್ಣು ಪರೀಕ್ಷೆಗೆ ಕೊಟ್ಟೆ.

ಕೆಟ್ಟದ್ದು ಇಲ್ಲೇ, ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಗೊಬ್ಬರದ ಲೆಕ್ಕಕ್ಕೆ ಮಣ್ಣು ತೆಗೀತೀವಲ್ಲ, ಹಾಗೇ ತೆಗೆದೆ. ಮುಕ್ಕಾಲು ಅಡಿ ತೋಡಿ, ಮೇಲಿಂದ ಕೆಳಗಿನವರೆಗೆ ಕೆರೆದು, ತೋಟದ ಬೇರೆ ಬೇರೆ ಕಡೆ ತೆಗೆದ ಮಣ್ಣಿನ ಜೊತೆ ಗೋಣಿಚೀಲದ ಮೇಲೆ ಸುರಿದು ಕಲಸಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಬಿಸಾಕಿ, ಕೊನೆಗೆ ಅರ್ಧ ಕೆಜಿ ಕಳಿಸಿದೆ. ಆದರೆ ತಾಮ್ರ ಯೂರಿಯಾ ತರ ಮಳೆಗೆ ಇಳಿದು ಹೋಗಲ್ಲ. ಎಲೆ ಕೊಳೆತ ಕಪ್ಪು ಮಣ್ಣನ್ನ ಕಚ್ಚಿಕೊಂಡು ಮೇಲಿನ ಎರಡು ಮೂರು ಇಂಚಿನಲ್ಲೇ ಕೂತುಬಿಡುತ್ತೆ. ಆ ಎರಡಿಂಚನ್ನ ಕೆಳಗಿನ ಒಳ್ಳೇ ಮಣ್ಣಿನಲ್ಲಿ, ಆಮೇಲೆ ಇಡೀ ತೋಟದ ಮಣ್ಣಿನಲ್ಲಿ ಕರಗಿಸಿ ಕಳಿಸಿದ್ದೆ. ತಾಮ್ರ ಸರಿಯಾಗಿದೆ ಅಂತ ರಿಪೋರ್ಟ್ ಬಂತು. ಲ್ಯಾಬಿನವರದೇನೂ ತಪ್ಪಿಲ್ಲ, ಕೊಟ್ಟ ಮಣ್ಣಿಗೆ ತಕ್ಕ ಉತ್ತರ ಕೊಟ್ಟಿದ್ದರು. ಆ ಧೈರ್ಯದ ಮೇಲೆ ಅದೇ ಜಾಗದ ಮೇಲ್ಮಣ್ಣು, ನೋಡೋಕೆ ಕಪ್ಪಗೆ ಚೆನ್ನಾಗಿತ್ತು, ಕೆರೆದು ನರ್ಸರಿ ಬ್ಯಾಗಿಗೆ ತುಂಬಿಸಿದೆ. ಅರ್ಧಕ್ಕಿಂತ ಜಾಸ್ತಿ ಕಾಫಿ ಗಿಡ ಸತ್ತವು, ಉಳಿದವು ಕುಳ್ಳಾಗಿ ನಿಂತವು. ಆ ವರ್ಷ ನೆಡೋ ಗಿಡವೆಲ್ಲ ದುಡ್ಡು ಕೊಟ್ಟು ಹೊರಗಿಂದ ತಂದಿದ್ದು.

ಈಗ ನಿಮ್ಮ ಸೂರ್ಯಕಾಂತಿ. ಬೇಡ ಬಿಡಿ. ಸಾಮಾನ್ಯ ಗಿಡದ ಎಲೆಯಲ್ಲಿ ಒಂದು ಕೆಜಿ ಒಣ ತೂಕಕ್ಕೆ 5ರಿಂದ 20 ಮಿಲಿಗ್ರಾಂ ತಾಮ್ರ ಇರುತ್ತೆ. ನಿಮ್ಮ ಸೂರ್ಯಕಾಂತಿ ಧಾರಾಳಿ, 100 ಮಿಲಿಗ್ರಾಂ ಹೀರುತ್ತೆ ಅಂತಲೇ ಇಟ್ಟುಕೊಳ್ಳಿ. ಒಂದು ಟನ್ ಒಣ ಗಿಡಕ್ಕೆ 100 ಗ್ರಾಂ ಆಯ್ತು. ಒಂದು ಕೆಜಿ ಮೈಲುತುತ್ತದಲ್ಲಿ ಇರೋ ತಾಮ್ರವೇ ಸುಮಾರು 250 ಗ್ರಾಂ. ಅಷ್ಟು ತೆಗೆಯೋಕೆ ಎರಡೂವರೆ ಟನ್ ಒಣ ಗಿಡ ಬೇಕು, ಅದೂ ಡ್ರಮ್ ಇಡೋ ಜಾಗದಲ್ಲಿ! ನಮ್ಮಲ್ಲಿ ಚೆಲ್ಲಿರೋದು ಒಂದು ಕೆಜಿನಾ? ಬೆಳೆದರೂ ಕಿತ್ತು ಎಲ್ಲಿಗೆ ಹಾಕ್ತೀರಿ?

ಇನ್ನೊಂದು, ಲೋಹ ಇದ್ದ ಕಡೆ ಹೂವೇ ಬರಲ್ಲ ಅನ್ನೋದೂ ಸರಿಯಲ್ಲ. ನಮ್ಮ ಜಿಲ್ಲೆಯಲ್ಲೇ ನುಗ್ಗೇಹಳ್ಳಿ ಕಡೆ ಬೈರಾಪುರದಲ್ಲಿ ಕ್ರೋಮೈಟ್, ಅಂದರೆ ಕ್ರೋಮಿಯಂ ಲೋಹದ ಅದಿರು, ಸಿಗುತ್ತೆ. ಆದರೆ ಕಲ್ಲೊಳಗೆ ಬಿಗಿಯಾಗಿ ಕೂತ ಕ್ರೋಮಿಯಂ ಬೇರಿಗೆ ಸುಲಭಕ್ಕೆ ಸಿಗಲ್ಲ. ಎಷ್ಟು ಲೋಹ ಇದೆ ಅನ್ನೋದಕ್ಕಿಂತ ಎಷ್ಟು ಕರಗುತ್ತೆ ಅನ್ನೋದನ್ನ ನೋಡಬೇಕು. ಕ್ಯಾಲಿಫೋರ್ನಿಯಾದ ಕಾಪರೊಪೊಲಿಸ್‌ನಲ್ಲಿ 1860ರ ದಶಕದಲ್ಲಿ ತಾಮ್ರದ ಗಣಿ ಶುರುವಾಯ್ತು. ಅಲ್ಲಿನ ಮಣ್ಣಿನಲ್ಲಿ ಮಿಮ್ಯುಲಸ್ ಅನ್ನೋ ಹಳದಿ ಕಾಡುಹೂ ತಾಮ್ರ ತಡೆಯೋ ತಳಿಯಾಗಿ ನಿಂತಿದೆ. ಅದೇ ಗಿಡವನ್ನ ಬೇರೆ ಕಡೆಯಿಂದ ತಂದು ಅಲ್ಲಿ ನೆಟ್ಟರೆ ಬೇರು ಇಳಿಯೋದೇ ಇಲ್ಲ. ನಿಮ್ಮ ಗರಿಕೆಯೂ ಹಾಗೆ ತಾಮ್ರ ತಡೆದು ನಿಂತಿರಬಹುದು, ಅದನ್ನ ದಯವಿಟ್ಟು ಕೀಳಬೇಡಿ. ಮಣ್ಣು ಕೊಚ್ಚಿ ಹಳ್ಳಕ್ಕೆ ಹೋಗದ ಹಾಗೆ ಹಿಡಿದಿರೋದು ಅದೇ, ತಾಮ್ರ ಹಳ್ಳಕ್ಕೆ ಇಳಿದರೆ ಮೀನಿಗೂ ಕುತ್ತು.

ನಾನು ಆಮೇಲೆ ಮಾಡಿದ್ದು ಇಷ್ಟೇ. ಕಲಸೋದಕ್ಕೆ ಸುತ್ತ ಏರಿ ಕಟ್ಟಿದ ಸಿಮೆಂಟ್ ನೆಲ ಮಾಡಿಸಿದೆ. ಹಳೇ ಜಾಗಕ್ಕೆ ಸುಣ್ಣ, ಕೊಟ್ಟಿಗೆ ಗೊಬ್ಬರ ಹಾಕಿ ಸುಮ್ನೆ ಬಿಟ್ಟೆ. ಮಲೆನಾಡಿನ ಮಣ್ಣು ಮೊದಲೇ ಹುಳಿ, ಹುಳಿ ಮಣ್ಣಿನಲ್ಲಿ ತಾಮ್ರ ಜಾಸ್ತಿ ಕರಗುತ್ತೆ. ಅದಕ್ಕೇ ಸುಣ್ಣ. ಅಮೋನಿಯಂ ಸಲ್ಫೇಟ್ ಅಂತೂ ಆ ಕಡೆ ತರಲೇಬೇಡಿ, ಹುಳಿ ಇನ್ನೂ ಏರುತ್ತೆ. ತುಂಬೆ ಈಗ ಅಂಚಿನಲ್ಲಿ ಬರ್ತಿದೆ, ನಡುವೆ ಇನ್ನೂ ಇಲ್ಲ.

ನೀವು ಮೊದಲು ಮೇಲಿನ ಎರಡಿಂಚಿನ ಮಣ್ಣು ಒಂದು ಚೀಲಕ್ಕೆ, ಡ್ರಮ್ಮಿನಿಂದ ದೂರ ಚೆನ್ನಾಗಿ ಹೂ ಬರ್ತಿರೋ ಕಡೆಯ ಎರಡಿಂಚು ಇನ್ನೊಂದು ಚೀಲಕ್ಕೆ ಹಾಕಿ ಬೇರೆ ಬೇರೆ ಕೊಡಿ. ತಾಮ್ರ, ಪಿಎಚ್ (ಮಣ್ಣು ಎಷ್ಟು ಹುಳಿ ಅನ್ನೋ ಅಳತೆ) ಎರಡೂ ಕೇಳಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ಸುಣ್ಣದ ಲೆಕ್ಕ ನೋಡೋಣ.